ಕಾವಲು ಅಂದ್ರೆ ಖಾಲಿ ಜಾಗಾನಾ?

ಬೇಸಿಗೆಗೆ ಬೆಟ್ಟ, ಚಳಿಗೆ ಕಣಿವೆ. ಹೀಗೆ ಬದುಕೋ ಕಿರ್ಗಿಜ್ ದನಗಾಹಿಗಳ ಜೊತೆ ಕುದುರೆ ಮೇಲೆ ನಾಲ್ಕು ದಿನ ಅಲೆಯೋಕೆ ನಮ್ಮವರೂ ವಿಮಾನ ಹತ್ತುತ್ತಾರೆ. ಕಾಲ ನೋಡಿ ಮೇವಿನ ಜಾಗ ಬದಲಿಸೋದು ಮೈಸೂರು ಸೀಮೆಗೂ ಹೊಸದಲ್ಲ.

ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ‘ಅಮೃತ್ ಮಹಲ್’ ಅಂತ ಹೆಸರಿಟ್ಟ. ಫಿರಂಗಿ ಎಳೆಯೋ ಆ ದನಗಳಿಗೆ ಬೇಸಿಗೆ, ಮಳೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳಿದ್ದವು. 1799ರ ನಂತರ ಬ್ರಿಟಿಷರೂ ಅವನ್ನು ಸೇನೆಗೆ ಬಳಸಿದರು.

ಈಚೆಗೆ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ರಕ್ಷಣಾ, ವಿಜ್ಞಾನ ಸಂಸ್ಥೆಗಳಿಗೆ ಹೋಯ್ತು. ಸುತ್ತಲ ಹಳ್ಳಿಗಳ ಕುರಿಗಳಿಗೆ ಗೋಡೆ ಅಡ್ಡ ಬಂತು.

ಸಮೇತನಹಳ್ಳಿ ಕಡೆ ಸೈಟ್ ನೋಡೋಕೆ ಹೋದಾಗ ಪಹಣಿಯಲ್ಲಿ ‘ಗೋಮಾಳ’ ಅಂತ ಕಂಡ್ರೆ ಲಾಯರನ್ನು ಕೇಳ್ತೀವಿ. ಅಲ್ಲಿ ಯಾರ ದನ ಮೇಯ್ತಿತ್ತು ಅಂತ ಊರಿನ ಹಿರಿಯರನ್ನೂ ಒಮ್ಮೆ ಕೇಳಿ.