ತಕಾಶಿ ಮುರಕಾಮಿಯವರ ಸೀಮಿತ ಆವೃತ್ತಿ ಮುದ್ರಣಗಳು

ಜಪಾನಿನ ಪಾಪ್ ಕಲಾವಿದ ತಕಾಶಿ ಮುರಕಾಮಿ (ಜನನ: 1962, ಟೋಕಿಯೊ) ನಿಗದಿತ ಸಂಖ್ಯೆಯಲ್ಲಿ ಮಾತ್ರ ಹೊರತರುವ ಮುದ್ರಿತ ಕಲಾಕೃತಿಗಳು. ಸಾಂಪ್ರದಾಯಿಕ ನಿಹೊಂಗ ಚಿತ್ರಶೈಲಿಯಲ್ಲಿ ಡಾಕ್ಟರೇಟ್ ಪಡೆದ ಮುರಕಾಮಿ, ಎದೊ ಕಾಲದ ಚಿತ್ರಗಳ ಚಪ್ಪಟೆ ವಿನ್ಯಾಸವನ್ನು ಅನಿಮೆ ಮತ್ತು ಮಾಂಗಾ ಲೋಕದೊಂದಿಗೆ ಬೆಸೆದು, 2000ರಲ್ಲಿ ‘ಸೂಪರ್‌ಫ್ಲಾಟ್’ ಪರಿಕಲ್ಪನೆಯನ್ನು ಮಂಡಿಸಿದರು. 2001ರಲ್ಲಿ ಕೈಕೈ ಕಿಕಿ ಎಂಬ ಕಲಾ ಸಂಸ್ಥೆಯನ್ನು ಸ್ಥಾಪಿಸಿದರು.

ವಸ್ತು ಮತ್ತು ತಂತ್ರ: ನಗುವ ಹೂಗಳು, ಮಿಸ್ಟರ್ ಡಾಬ್ ಎಂಬ ಪಾತ್ರ, ಅಣಬೆ ಹಾಗೂ ತಲೆಬುರುಡೆಗಳು ಈ ಮುದ್ರಣಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಆಫ್‌ಸೆಟ್ ಲಿಥೊಗ್ರಾಫ್‌ಗಳು ಹೆಚ್ಚಾಗಿ 300 ಪ್ರತಿಗಳ ಆವೃತ್ತಿಗಳು. ಕೆಲವಕ್ಕೆ ಬೆಳ್ಳಿಬಣ್ಣದ ಲೋಹಲೇಪ, ಹೊಳಪು ವಾರ್ನಿಷ್ ಇರುತ್ತದೆ. ಪದರ ಪದರವಾಗಿ ಬಣ್ಣ ಏರಿಸುವ ಸಿಲ್ಕ್‌ಸ್ಕ್ರೀನ್ ಮುದ್ರಣಗಳಿಗೆ ಬೆಲೆ ಹೆಚ್ಚು.

ಸಂಗ್ರಹ: ಕಲಾವಿದರ ಸಹಿಯ ಜೊತೆ 25/300 ಎಂಬಂಥ ಗುರುತಿದ್ದರೆ, ಅದು 300ರಲ್ಲಿ 25ನೆಯ ಪ್ರತಿ ಎಂದರ್ಥ. ಸಹಿಯ ನೈಜತೆ, ಖರೀದಿ ದಾಖಲೆ, ಅಂಚು ಮತ್ತು ಮೂಲೆಗಳ ಸ್ಥಿತಿ ಇವು ಮೌಲ್ಯವನ್ನು ನಿರ್ಧರಿಸುತ್ತವೆ. ನಕಲಿಗಳೂ ಚಲಾವಣೆಯಲ್ಲಿರುವುದರಿಂದ ಕೃತಿ ಯಾರ ಕೈಯಿಂದ ಬಂದಿತೆಂಬ ಮಾಹಿತಿ ಅತ್ಯಗತ್ಯ. ಬಿಸಿಲು ಬಣ್ಣವನ್ನು ಮಾಸಿಸುತ್ತದೆ, ತೇವ ಕಾಗದವನ್ನು ಕೆಡಿಸುತ್ತದೆ. ಹಾಗಾಗಿ ಆಮ್ಲರಹಿತ ರಟ್ಟು ಮತ್ತು ಅತಿನೇರಳೆ ಕಿರಣ ತಡೆಯುವ ಗಾಜಿನ ಚೌಕಟ್ಟಿನಲ್ಲಿ ಇವನ್ನು ಕಾಪಾಡಬೇಕು.