ತೂತಿಲ್ಲದ ಭರಣಿ, ನಮ್ಮ ಎರೆ ಹೊಲ

ಹೋದ ಮಳೆಗಾಲದಲ್ಲಿ ನನ್ನ ಲೋಳೆಸರ ಸತ್ತುಹೋಯಿತು. ಲೋಳೆಸರ ಕೂಡ ಸಾಯುತ್ತಾ ಅಂತ ನಗಬೇಡಿ! ಚೆಂದ ಕಾಣುತ್ತೆ ಅಂತ ಅಜ್ಜಿಯ ಉಪ್ಪಿನಕಾಯಿ ಭರಣಿಯಲ್ಲಿ ನೆಟ್ಟಿದ್ದೆ. ತಳಕ್ಕೆ ತೂತಿಲ್ಲವಲ್ಲ, ಅದಕ್ಕೇ ಎರಡು ಹಿಡಿ ಹರಳು ಹಾಕಿದ್ದೆ. ಏನೂ ಉಪಯೋಗವಾಗಲಿಲ್ಲ. ನೀರು ಹರಳಿನ ಮೇಲಿನ ಮಣ್ಣಲ್ಲೇ ನಿಲ್ಲುತ್ತೆ, ಗಾಳಿ ಸಿಗದೆ ಬೇರು ಕೊಳೆಯುತ್ತೆ.

ಶಹಾಪುರದಿಂದ ಬಂದಿದ್ದ ಅವ್ವ ನೋಡಿ, "ಬಾಗ್ಲಿಗಿ ಕಟ್ಟಿದ್ರ ಇನ್ನಾ ಇರ್ತಿತ್ತು. ನೀರ್ ಹಾಕಿ ಕೊಂದಿ ನೋಡು" ಅಂದಳು. ನಿಜವೇ. ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣು, ನೀರು ಎರಡೂ ಇಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುತ್ತೆ. ಆಮೇಲೆ ಮೆಲ್ಲಗೆ, "ನಮ್ ಹೊಲಾನೂ ಹಿಂಗೇ ಸತ್ತದ" ಅಂತ ಸೇರಿಸಿದಳು. ಅವತ್ತಿಂದ ಅದೇ ತಲೆ ಕೊರೀತಿದೆ.

ಶಹಾಪುರ, ಸುರಪುರದ ಎರೆ ಭೂಮಿ ತೂತಿಲ್ಲದ ಕುಂಡದ ಹಾಗೇ. ಜಿಗುಟು ಮಣ್ಣು, ನೀರು ಕೆಳಗಿಳಿಯೋದು ಬಹಳ ನಿಧಾನ. ಹಿಂದಿನವರಿಗೆ ಅದೇ ವರವಾಗಿತ್ತು. ಮಳೆಗಾಲದ ಕೊನೆಗೆ ಬಿಳಿಜೋಳ ಬಿತ್ತಿದರೆ ಮಣ್ಣು ಹಿಡಿದಿಟ್ಟ ಹಸಿಯಲ್ಲೇ ಬೆಳೆ ಕೈಗೆ ಬರುತ್ತಿತ್ತು. ಕುಂಡಕ್ಕೆ ಒಂದೇ ಸಲ ನೀರು, ಅಷ್ಟೇ! ಕೆರೆ ಕಟ್ಟಿದವರೂ ತೂಬು, ಕೋಡಿ ಮರೆಯಲಿಲ್ಲ. ಸುರಪುರದ ಹತ್ತಿರದ ಬೋನಾಳ ಕೆರೆ ನಾಯಕ ಅರಸರ ಕಾಲದ್ದು. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಮೆಡೋಸ್ ಟೇಲರ್ (ಹೌದು, ಠಗ್ಗನ ಕಾದಂಬರಿ ಬರೆದವನೇ) ಅದನ್ನು ಸರಿಪಡಿಸಿದ.

1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. 1982ರಲ್ಲಿ ನಾರಾಯಣಪುರ ಅಣೆಕಟ್ಟು ಸಿದ್ಧವಾಯಿತು, ಮುಂದೆ ಎಡದಂಡೆ ಕಾಲುವೆಯ ನೀರು ನಮ್ಮ ಕಡೆ ಬಂತು. ಯೋಜನೆಯಲ್ಲಿದ್ದದ್ದು ಕಡಿಮೆ ನೀರಿನ ಬೆಳೆಗಳು, ಜನ ಹಾಕಿದ್ದು ಬತ್ತ. ಅಪ್ಪನೂ ಹಾಕಿದ. ಬೈಯಲು ನನಗೆ ಬಾಯಿ ಬರೋದಿಲ್ಲ. ಬರ ನೋಡಿ ಬೆಳೆದವನಿಗೆ ಬಾಗಿಲಲ್ಲಿ ಹರಿಯೋ ನೀರು ಮುಟ್ಟಬೇಡ ಅನ್ನೋದು ಹೇಗೆ?

ಕಾಲುವೆ ಬಂದಷ್ಟು ಬೇಗ ಬಸಿಗಾಲುವೆ ಬರಲಿಲ್ಲ. ತಗ್ಗಿನ ಹೊಲಗಳಲ್ಲಿ ಅಂತರ್ಜಲ ಮೇಲೇರಿತು, ನೀರು ಆರಿದಲ್ಲಿ ಉಪ್ಪು ಉಳಿಯಿತು. ನಮ್ಮ ಹೊಲದ ಕೆಳತುದಿ ಈಗ ಬಿಳಿಚಿಕೊಂಡಿದೆ. ಸವಳು, ಜವಳು ಎರಡೂ ಅಲ್ಲೇ.

ಬಸಿಗಾಲುವೆ ತೋಡಬಹುದು. ಆದರೆ ಆ ನೀರು ಕೆಳಗಿನವರ ಹೊಲ ದಾಟಿ ಹಳ್ಳ ಸೇರಬೇಕು, ಅವರು ಒಪ್ಪಬೇಕು. ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಜೊತೆ ಅವರ ಮನೆಗೆ ಹೋಗಿ ಕೇಳೋಣ ಅಂತಿದೀನಿ. ಭರಣಿ ತೊಳೆದು ಅಟ್ಟಕ್ಕಿಟ್ಟಾಯ್ತು.