ಅಲ್ಪವೆಚ್ಚದ ಅಲಂಕಾರ

ಅರಸುಗಳ ಉಡಿಗೆ-ತೊಡಿಗೆಗಳ ವರ್ಣನೆಯು ಗ್ರಂಥಗಳಲ್ಲಿ ಬೇಕಾದಷ್ಟು ದೊರೆಯುವದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ಲೇಪನ, ವಸ್ತ್ರ, ಮಾಲ್ಯ, ಭೂಷಣಗಳಿಗೆ ಬೇರೆ ಬೇರೆ ಪ್ರಕರಣಗಳೇ ಇರುವವು. ದೊರೆಯಾದವನು ಋತುವಿಗೊಂದು ಬಗೆಯ ಉಡಿಗೆಯನ್ನು ಉಡತಕ್ಕದ್ದೆಂದು ಅಲ್ಲಿ ವಿಧಿಸಿದೆ. ಆದರೆ ಅದೇ ದೊರೆಯ ನಾಡಿನಲ್ಲಿ ಜೋಳ ಬಿತ್ತಿ ಬದುಕುತ್ತಿದ್ದ ಒಕ್ಕಲಿಗನಾಗಲಿ, ಅವನ ಮನೆಯಾಕೆಯಾಗಲಿ ಹಬ್ಬದ ದಿನ ಹೇಗೆ ಅಂದವಾಗಿ ಕಾಣಿಸಿಕೊಳ್ಳುತ್ತಿದ್ದರೆಂಬದಕ್ಕೆ ಅರಸನ ಗ್ರಂಥದಲ್ಲಿ ಸ್ಥಳವಿಲ್ಲ. ಸಿರಿವಂತನ ಶೃಂಗಾರಕ್ಕೆ ಹಣವು ಸಾಕು. ಬಡವನ ಶೃಂಗಾರಕ್ಕೆ ಬುದ್ಧಿಯು ಬೇಕು. ಆದುದರಿಂದ ಇತಿಹಾಸದ ದೃಷ್ಟಿಯಿಂದ ನೋಡಿದರೆ ಎರಡನೆಯದೇ ಹೆಚ್ಚು ವಿಚಾರಾರ್ಹವಾದದ್ದು. ಕೈಯಲ್ಲಿ ಕಾಸಿಲ್ಲದವರು ಅಂದವಾಗಿರಲಿಕ್ಕೆ ಯಾವ ಉಪಾಯಗಳನ್ನು ಕಂಡುಕೊಂಡರು, ಮತ್ತು ಆ ಅಗ್ಗದ ಅಂದದ ನಿಜವಾದ ಬೆಲೆಯನ್ನು ಯಾರು ತೆತ್ತರು ಎಂಬ ಎರಡು ಪ್ರಶ್ನೆಗಳಿಗೆ ರಾಣೆಬೆನ್ನೂರು-ಬ್ಯಾಡಗಿಗಳ ಸೀಮೆಯು ಒಳ್ಳೆಯ ಉತ್ತರವನ್ನು ಕೊಡುವದು.

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡವು ಮಾಲತೇಶ, ಅಂದರೆ ಮೈಲಾರಲಿಂಗನ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಮಹಾನವಮಿಯ ಕಾಲದಲ್ಲಿ ಅಲ್ಲಿ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ಕಾರಣಿಕವನ್ನು ನುಡಿಯುವನು. ನೆರೆದ ಸಾವಿರಾರು ಜನರ ಕಣ್ಣುಗಳು ಒಬ್ಬನ ಮೇಲೆ ನೆಟ್ಟಿರುವ ಆ ಗಳಿಗೆಯಲ್ಲಿ ಅವನ ಮೈಮೇಲಿರುವ ಸಾಮಗ್ರಿಯಾದರೂ ಏನು? ಮೈಲಾರನ ಗೊರವರ ವೇಷವೆಂದರೆ ಕರಿಯ ಕಂಬಳಿಯ ನಿಲುವಂಗಿ, ಕರಡಿಯ ತೊಗಲಿನ ಟೊಪ್ಪಿಗೆ, ಕೊರಳಲ್ಲಿ ಕವಡೆಯ ಸರ, ಬಗಲಲ್ಲಿ ಭಂಡಾರದ ಚೀಲ, ಕೈಯಲ್ಲಿ ಡಮರುಗ. ಹಣೆಯ ಮೇಲೆ ಅರಿಷಿಣದ ಪುಡಿ. ಇವುಗಳಲ್ಲಿ ಬಂಗಾರವಿಲ್ಲ, ರೇಷ್ಮೆಯಿಲ್ಲ. ಕಂಬಳಿಯು ಕುರುಬರ ಕುರಿಯ ಉಣ್ಣೆಯದು, ಅರಿಷಿಣವು ಅಡಿಗೆಮನೆಯದು, ಕವಡೆಯಂತೂ ಒಂದು ಕಾಲಕ್ಕೆ ಎಲ್ಲಕ್ಕೂ ಕಿರಿಯ ನಾಣ್ಯವಾಗಿ ನಡೆದದ್ದು. ಬೆಲೆಯಿಲ್ಲದ್ದನ್ನು ಕುರಿತು ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ಜನರು ಈಗಲೂ ಆಡುವದುಂಟು. ಅಂಥ ಕವಡೆಯನ್ನೇ ಪೋಣಿಸಿ ಕರಿಯ ಕಂಬಳಿಯ ಮೇಲೆ ಇಳಿಬಿಟ್ಟರೆ ಅದರ ಬಿಳುಪು ದೂರದಿಂದಲೇ ಎದ್ದು ತೋರುವದು. ಅದರ ಪಕ್ಕದಲ್ಲಿ ಭಂಡಾರದ ಹಳದಿಯು ಇನ್ನೂ ಹೊಳೆಯುವದು. ಕಪ್ಪು, ಬಿಳುಪು, ಹಳದಿ ಈ ಮೂರೇ ಬಣ್ಣಗಳ ಹೊಂದಾಣಿಕೆಯಿಂದ ಗಾಂಭೀರ್ಯವನ್ನು ಸಾಧಿಸಿದ ಈ ವೇಷವು ಅಲ್ಪವೆಚ್ಚದ ಅಲಂಕಾರದ ಮೊದಲನೆಯ ಸೂತ್ರವನ್ನು ಕಲಿಸುವದು: ಸಾಮಗ್ರಿಯ ಬೆಲೆಗಿಂತ ಅದನ್ನು ಜೋಡಿಸುವ ಬಗೆಯು ದೊಡ್ಡದು. ಕರಡಿಯ ಬೇಟೆಯು 1972ರ ವನ್ಯಜೀವಿ ಸಂರಕ್ಷಣ ಕಾಯದೆಯಿಂದ ನಿಷಿದ್ಧವಾದದ್ದರಿಂದ ಆ ಟೊಪ್ಪಿಗೆಯೊಂದು ಮಾತ್ರ ಈಗ ಹೊಸದಾಗಿ ಮಾಡಿಕೊಳ್ಳತಕ್ಕ ವಸ್ತುವಾಗಿ ಉಳಿದಿಲ್ಲ.

ಗೊರವನ ವೇಷದಲ್ಲಿ ಕಾಣುವ ಈ ಜಾಣತನವು ಆ ಸೀಮೆಯ ಹೆಂಗಸರ ಉಡಿಗೆಯಲ್ಲಿಯೂ ಕಾಣುವದು. ಉತ್ತರ ಕರ್ನಾಟಕದ ಒಕ್ಕಲು ಮನೆಗಳಲ್ಲಿ ಹಬ್ಬದ ಸೀರೆಯೆಂದರೆ ಇಳಕಲ್ಲ ಸೀರೆ. ಕುಪ್ಪಸವೆಂದರೆ ಗುಳೇದಗುಡ್ಡದ ಖಣ. ಇಳಕಲ್ಲ ಸೀರೆಯ ಒಡಲು ಹತ್ತಿಯ ನೂಲಿನದು. ಅಂಚು ಹಾಗು ಸೆರಗುಗಳಿಗೆ ಮಾತ್ರ ರೇಷ್ಮೆಯ ಹಾಸು. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳೊಡನೆ ಕೊಂಡಿ ಹಾಕಿ ಜೋಡಿಸುವದೇ ಅಲ್ಲಿಯ ನೇಕಾರರ ವಿಶೇಷ ವಿದ್ಯೆ. ಇದರ ಮರ್ಮವು ಸ್ಪಷ್ಟವಾಗಿದೆ. ನೆರಿಗೆಯಲ್ಲಿ ಅಡಗಿ, ಹೊಲದಲ್ಲಿ ಕಚ್ಚೆಯಾಗಿ, ದಿನದಿನವೂ ಸವೆಯುವ ಭಾಗಕ್ಕೆ ಗಟ್ಟಿಯಾದ ಹತ್ತಿ. ಹೆಗಲ ಮೇಲೆ, ತಲೆಯ ಮೇಲೆ, ನಾಲ್ಕು ಜನರ ಕಣ್ಣು ಬೀಳುವ ಭಾಗಕ್ಕೆ ಕೆಂಪು ರೇಷ್ಮೆ. ಮುಂದೆ ಕೃತಕ ರೇಷ್ಮೆಯು ಬಂದ ಮೇಲೆ ಆ ಖರ್ಚೂ ಇಳಿಯಿತು. ಇನ್ನು ಖಣವಾದರೋ ಒಂದೇ ಕುಪ್ಪಸದ ಅಳತೆಗೆ ಸಾಲುವ ಚಿಕ್ಕ ತುಂಡು. ಅದನ್ನು ಹೆಂಗಸರು ಕೊಂಡದ್ದಕ್ಕಿಂತ ಉಡಿಯಲ್ಲಿ ತುಂಬಿಸಿಕೊಂಡದ್ದೇ ಹೆಚ್ಚು. ತವರಿಗೆ ಹೋದಾಗ, ಸೀಮಂತವಾದಾಗ, ಮುತ್ತೈದೆಯಾಗಿ ಊಟಕ್ಕೆ ಕುಳಿತಾಗ ಬಂದ ಖಣಗಳು ಪೆಟ್ಟಿಗೆಯಲ್ಲಿ ಸೇರುತ್ತಿದ್ದವು. ಬೇಕಾದದ್ದನ್ನು ಹೊಲಿದುಕೊಂಡು ಉಳಿದದ್ದನ್ನು ಮತ್ತೊಬ್ಬಳ ಉಡಿಗೆ ತುಂಬುತ್ತಿದ್ದರು. ಸೀರೆಗೆ ಹೊಸ ಕಳೆ ತರಬೇಕಾದರೆ ಕಸೂತಿಯಿತ್ತು. ಗೋಪುರ, ತೇರು, ಆನೆ, ನವಿಲು, ತುಲಸಿಕಟ್ಟೆಗಳನ್ನು ಎಳೆ ಎಣಿಸಿ ಮೂಡಿಸಲಿಕ್ಕೆ ಸೂಜಿ, ಬಣ್ಣದ ದಾರ ಹಾಗು ಮಧ್ಯಾಹ್ನದ ಬಿಡುವು ಇವಿಷ್ಟೇ ಬೇಕಾಗಿದ್ದವು.

ಗಂಡಸರ ಧೋತರ-ರುಮಾಲುಗಳಲ್ಲಿ ಹೊಲಿಗೆಯ ಖರ್ಚೇ ಇರಲಿಲ್ಲ. ತಂದೆಯ ಧೋತರವು ಮಗನಿಗೆ ಸರಿಹೋಗುವದು. ಅಳತೆಯ ಪ್ರಶ್ನೆಯೇ ಬಾರದು. ನಡುವೆ ಹರಿದರೆ ಎರಡು ತುದಿಗಳನ್ನು ಕೂಡಿಸಿ ದಂಡೆ ಹಾಕುವರು. ಇನ್ನೂ ಹರಿದರೆ ಮೈ ಒರಸುವ ವಸ್ತ್ರ, ಬಳಿಕ ಕೂಸಿನ ಬಟ್ಟೆ, ಕಡೆಗೆ ಕೌದಿಯೊಳಗಿನ ಪದರು. ಸವೆದ ಸೀರೆಗಳ ಮೇಲೆ ತುಂಡು ಬಟ್ಟೆಗಳನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ ಹೊಲಿದ ಕೌದಿಯು ಬಡತನದ ಗುರುತೆನಿಸದೆ ಮನೆಯಾಕೆಯ ಕೈಚಳಕದ ಗುರುತೆನಿಸಿತು.

ಬಟ್ಟೆಗಳು ಎರಡೇ ಜೊತೆಯಿದ್ದಾಗ ಅವುಗಳ ಆರೈಕೆಯೇ ಅಲಂಕಾರವಾಗುವದು. ಒಗೆದ ಧೋತರಕ್ಕೆ ಗಂಜಿ ಹಾಕಿ, ಮಡಿಕೆ ಮುರಿಯದಂತೆ ಹಾಸಿಗೆಯ ಕೆಳಗಿಟ್ಟು ಮಲಗಿದರೆ ಬೆಳಗಿಗೆ ಇಸ್ತ್ರಿಯಾಗಿರುತ್ತಿತ್ತು. ಅವಸರವಿದ್ದರೆ ತಂಬಿಗೆಯಲ್ಲಿ ಕೆಂಡ ತುಂಬಿ ತಿಕ್ಕುತ್ತಿದ್ದರು. ರೇಷ್ಮೆಗೆ ಅಂಟುವಾಳದ ಕಾಯಿ, ತಲೆಗೆ ಸೀಗೆಕಾಯಿ, ಮೈಗೆ ಕಡಲೆಹಿಟ್ಟು, ಕೈಗೆ ಗೋರಂಟಿ. ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಹಿಡಿದರೆ ಕಾಡಿಗೆ. ಇವುಗಳಿಗೆ ಪೇಟೆಯ ಹಂಗಿರಲಿಲ್ಲ. ಎಲ್ಲಕ್ಕೂ ಮಿಗಿಲಾಗಿ ಹೂವಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿಯಾದ ಅಬ್ದುರ್ ರಜಾಕನು ಅಲ್ಲಿಯ ಬೀದಿಗಳಲ್ಲಿ ಗುಲಾಬಿ ಹೂಗಳ ಮಾರಾಟವನ್ನು ಕಂಡು, ಈ ಜನರಿಗೆ ಅನ್ನದಷ್ಟೇ ಹೂವೂ ಅವಶ್ಯವಾಗಿದೆಯೆಂಬ ಅರ್ಥದಲ್ಲಿ ಬರೆದಿಟ್ಟಿರುವನು. ಒಂದು ಹಗಲು ಬಾಳಿ ಬಾಡುವ ಹೂವು ಬಡವಳ ಮುಡಿಯನ್ನೂ ಒಡತಿಯ ಮುಡಿಯನ್ನೂ ಸಮವಾಗಿ ಅಲಂಕರಿಸಬಲ್ಲದು.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರವು ಸುಂದರವಾಗುವದು, ಆದರೆ ಪೂರ್ಣವಾಗದು. ಈ ಅಂದವು ಅಗ್ಗವಾಗಿದ್ದದ್ದು ಅದರ ಹಿಂದಿನ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯದೆ ಇದ್ದದ್ದರಿಂದ. ಕೌದಿ ಹೊಲಿದವಳ, ಕಸೂತಿ ಹಾಕಿದವಳ ಹೊತ್ತಿಗೆ ಕೂಲಿಯಿರಲಿಲ್ಲ. ಸೌಳು ಮಣ್ಣಿನಲ್ಲಿ ಬಟ್ಟೆ ನೆನೆಯಿಸಿ, ಭಟ್ಟಿ ಹಾಕಿ, ಹಳ್ಳದ ಕಲ್ಲಿನ ಮೇಲೆ ಒಗೆಯುತ್ತಿದ್ದ ಮಡಿವಾಳನಿಗೂ, ಕ್ಷೌರ ಮಾಡುತ್ತಿದ್ದ ಹಡಪದನಿಗೂ ಸುಗ್ಗಿಯಲ್ಲಿ ಕಣದಿಂದ ಅಳೆದು ಕೊಡುವ ಆಯದ ಕಾಳೇ ಪ್ರತಿಫಲವಾಗಿತ್ತು. ಮಳೆ ತಪ್ಪಿದ ವರ್ಷ ಆಯವೂ ತಪ್ಪುತ್ತಿತ್ತು. ಒಗೆಯುವ ಕೆಲಸವು ಮಾತ್ರ ತಪ್ಪುತ್ತಿರಲಿಲ್ಲ. ಅದಕ್ಕಿಂತಲೂ ದಾರುಣವಾದದ್ದು ಇನ್ನೊಂದು. ಅಸ್ಪೃಶ್ಯರೆನಿಸಿಕೊಂಡವರ ಬಟ್ಟೆಯನ್ನು ಊರ ಮಡಿವಾಳನು ಒಗೆಯಕೂಡದು, ಅವರ ತಲೆಯನ್ನು ಊರ ಹಡಪದನು ಮುಟ್ಟಕೂಡದು ಎಂಬ ಕಟ್ಟು ಇತ್ತು. ಹೀಗೆ ಒಂದು ಕಡೆಗೆ ಅವರಿಗೆ ಶುಚಿಯಾಗಿರುವ ಸಾಧನಗಳನ್ನು ತಪ್ಪಿಸಿ, ಇನ್ನೊಂದು ಕಡೆಗೆ ಅವರು ಶುಚಿಯಾಗಿಲ್ಲವೆಂದು ದೂರಿದ್ದು ಸಮಾಜದ ಘೋರವಾದ ಅನ್ಯಾಯವು.

ಆದುದರಿಂದಲೇ 1927ರ ಡಿಸೆಂಬರದಲ್ಲಿ ಮಹಾಡದ ಸತ್ಯಾಗ್ರಹದ ಕಾಲಕ್ಕೆ ಡಾಕ್ಟರ ಅಂಬೇಡಕರರು ಹೆಣ್ಣುಮಕ್ಕಳನ್ನುದ್ದೇಶಿಸಿ ಮಾಡಿದ ಭಾಷಣವು ಇಲ್ಲಿ ಸ್ಮರಣೀಯವಾಗಿದೆ. ಆಗ ಮಹಾಡವೂ ಧಾರವಾಡ ಜಿಲ್ಲೆಯೂ ಒಂದೇ ಮುಂಬಯಿ ಇಲಾಖೆಯಲ್ಲಿದ್ದವು. ರಾಣೆಬೆನ್ನೂರು-ಬ್ಯಾಡಗಿಗಳು ಆ ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಲ್ಲಿ ಹಾವೇರಿ ಜಿಲ್ಲೆಯೊಳಗೆ ಬಂದವು. ಜಾತಿಯ ಗುರುತನ್ನು ಸಾರುವ ರೀತಿಯಲ್ಲಿ ಸೀರೆ ಉಡುವದನ್ನು ಬಿಡಿರಿ, ಕೈ-ಕೊರಳುಗಳ ತುಂಬ ಹೇರಿಕೊಳ್ಳುವ ಅಗ್ಗದ ಆಭರಣಗಳನ್ನು ಬಿಡಿರಿ, ಬಟ್ಟೆಯು ಹರಿದಿದ್ದರೂ ಚಿಂತೆಯಿಲ್ಲ, ಮಾಸಿರಬಾರದು ಎಂಬದು ಅವರ ಉಪದೇಶದ ಸಾರವಾಗಿತ್ತು. ಕೇಳಿದ ಹೆಂಗಸರು ಅದೇ ವೇಳೆಗೆ ಉಡುವ ರೀತಿಯನ್ನು ಬದಲಿಸಿಕೊಂಡರೆಂದು ಪ್ರಸಿದ್ಧವಾಗಿದೆ. ಅಲ್ಲಿ ಹೆಚ್ಚಿನ ಖರ್ಚು ಏನೂ ಆಗಲಿಲ್ಲ. ಉಟ್ಟ ಸೀರೆಯೇ ಮಾನದ ಸೀರೆಯಾಯಿತು.

ಇದೇ ಸೀಮೆಯ ಕರಿಯ ಭೂಮಿಯು ಹತ್ತಿಯ ತವರು. ಇಲ್ಲಿಯ ಹತ್ತಿಯು ಹೇರೆತ್ತುಗಳ ಮೇಲೆ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಹೋಗುತ್ತಿದ್ದದ್ದರಿಂದ ಪೇಟೆಗಳಲ್ಲಿ ಅದಕ್ಕೆ ‘ಕುಮಟಾ’ ಹತ್ತಿಯೆಂದೇ ಹೆಸರಾಯಿತು. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ನಡೆದ ಅಂತರ್ಯುದ್ಧದಿಂದ ಲ್ಯಾಂಕಶಾಯರದ ಗಿರಣಿಗಳಿಗೆ ಅಲ್ಲಿಯ ಹತ್ತಿಯು ನಿಂತುಹೋಗಲು, ಧಾರವಾಡದ ಹತ್ತಿಗೆ ಕಂಡರಿಯದ ಬೆಲೆ ಬಂದಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸಾಗಿತು. ಆ ಮಾರ್ಗದಲ್ಲಿ ಬ್ಯಾಡಗಿ-ರಾಣೆಬೆನ್ನೂರುಗಳ ನಡುವೆ ದೇವರಗುಡ್ಡವೆಂಬ ನಿಲ್ದಾಣವುಂಟು. ಹತ್ತಿಯನ್ನು ಒಯ್ದ ಅದೇ ಗಾಡಿಯು ಮರಳಿ ಗಿರಣಿಯ ಬಟ್ಟೆಯನ್ನು ತರಹತ್ತಿತು. ಕೈಮಗ್ಗದ ಬಟ್ಟೆಗಿಂತ ಅದು ನುಣುಪು, ಬೆಲೆಯೂ ಕಡಿಮೆ. ಬಡವನಿಗೆ ಎರಡರ ಬದಲು ಮೂರು ಧೋತರಗಳು ದೊರೆತವು. ನೂಲುತ್ತಿದ್ದ ಮುದುಕಿಯ ರಾಟಿಯು ಅಟ್ಟವನ್ನೇರಿತು.

ಖಾದಿಯ ಚಳವಳಿಯು ಈ ಅಗ್ಗವನ್ನೇ ಪ್ರಶ್ನಿಸಿತು. ಖಾದಿಯು ಗಿರಣಿಯ ಬಟ್ಟೆಗಿಂತ ತುಟ್ಟಿಯಾದದ್ದು, ಒರಟಾದದ್ದು. ಬಡವರು ಅದನ್ನು ಕೊಳ್ಳುವದು ಹೇಗೆಂಬ ಆಕ್ಷೇಪಕ್ಕೆ ಗಾಂಧೀಜಿಯವರು 1921ರ ಸಪ್ಟಂಬರದಲ್ಲಿ ಮಧುರೆಯಲ್ಲಿ ತಾವೇ ತುಂಡು ಪಂಚೆಯನ್ನುಟ್ಟು ಉತ್ತರ ಕೊಟ್ಟರು: ಬಟ್ಟೆಯು ಕಡಿಮೆಯಾಗಲಿ, ಆದರೆ ನೆರೆಯವನ ಅನ್ನವನ್ನು ಕಸಿದದ್ದಾಗದಿರಲಿ ಎಂಬದು ಅದರ ಭಾವವು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವನು ಈ ಮಾರ್ಗವನ್ನು ಹಿಡಿದು, 1930ರಲ್ಲಿ ದಾಂಡಿಯ ಯಾತ್ರೆಯಲ್ಲಿ ಗಾಂಧೀಜಿಯವರ ಸಂಗಡ ನಡೆದ ಏಕಮಾತ್ರ ಕನ್ನಡಿಗನಾದನು. ದೇವರಗುಡ್ಡದ ದೇವರ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ಈ ತರುಣನು 1943ರ ಏಪ್ರಿಲ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದನು. ಅವನಂಥವರ ಮೈಮೇಲೆ ಒರಟು ಖಾದಿಯೇ ಶೋಭೆಯೆನಿಸಿತು.

ಅದೇ 1943ರಲ್ಲಿ ಯುದ್ಧದ ನಿಮಿತ್ತ ಅರಿವೆಯು ಅಭಾವವಾಗಿ ಸರಕಾರವು ಬಟ್ಟೆ-ನೂಲುಗಳ ಮೇಲೆ ನಿಯಂತ್ರಣವನ್ನು ಹಾಕಿತು. ಇಂಗ್ಲಂಡದಲ್ಲಿಯಂತೂ 1941ರ ಜೂನದಿಂದಲೇ ಬಟ್ಟೆಗೆ ಕೂಪನ್ನು. ಮೊದಲನೆಯ ವರ್ಷ ತಲೆಗೆ 66. ಹರಿದದ್ದನ್ನು ಹೊಲಿದುಕೊಳ್ಳಿರಿ, ಹಳೆಯದನ್ನೇ ಹೊಸದಾಗಿಸಿರಿ ಎಂದು ಅಲ್ಲಿಯ ಸರಕಾರವು 1943ರಲ್ಲಿ ಪುಸ್ತಿಕೆಯನ್ನೇ ಅಚ್ಚು ಹಾಕಿಸಿ ಹಂಚಿತು. ಆ ಪುಸ್ತಿಕೆಯ ಪಾಠವು ಕೌದಿ ಹೊಲಿಯುವ ಮನೆಗಳಿಗೆ ಹೊಸದಾಗಿರಲಿಲ್ಲ.

ಸ್ವಾತಂತ್ರ್ಯದ ತರುವಾಯ ಅಗ್ಗದ ಹೊಳಪು ಇನ್ನೊಂದು ದಾರಿಯಿಂದ ಬಂದಿತು. 1970ರ ದಶಕದಲ್ಲಿ ರಾಣೆಬೆನ್ನೂರು ತಾಲೂಕಿನದೇ ಆದ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಕಟ್ಟಿಗೆಯ ತಿರುಳಿನಿಂದ ಕೃತಕ ನೂಲಿನ ಎಳೆಯನ್ನು ತೆಗೆಯುವ ಕಾರಖಾನೆಗಳು ನಿಂತವು. ಸಾವಿರಾರು ಜನರಿಗೆ ಉದ್ಯೋಗವಾಯಿತು, ಬಟ್ಟೆಗೆ ಮಿನುಗು ಬಂದಿತು. ಆದರೆ 1984ರ ಸುಮಾರಿಗೆ ನದಿಯ ನೀರು ಕೆಟ್ಟು ಮೀನು ಸಾಯುತ್ತಿವೆಯೆಂದು ದಂಡೆಯ ಹಳ್ಳಿಗಳವರು ದನಿಯೆತ್ತಿದರು. ತಿರುಳಿನ ಮರಕ್ಕಾಗಿ ಊರ ಗೋಮಾಳಗಳಲ್ಲಿ ನೀಲಗಿರಿಯನ್ನು ಬೆಳೆಯಿಸಲಾರಂಭಿಸಲು, 1987ರ ನವಂಬರ 14ರಂದು ಕುಸನೂರಲ್ಲಿ ಜನರು ಆ ಸಸಿಗಳನ್ನು ಕಿತ್ತು ಉಪಯುಕ್ತವಾದ ಬೇರೆ ಸಸಿಗಳನ್ನು ನೆಟ್ಟು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹವನ್ನು ನಡೆಯಿಸಿದರು. ಹಿಂದೆ ಮಡಿವಾಳನೂ ನೂಲುವ ಮುದುಕಿಯೂ ತೆತ್ತ ಬೆಲೆಯನ್ನು ಈ ಸಲ ನದಿಯೂ ಗೋಮಾಳವೂ ತೆರಬೇಕಾಯಿತು.

ಹೀಗೆ ನೋಡಿದರೆ ಅಗ್ಗವೆಂಬದು ಎರಡು ಬಗೆಯದಾಗಿದೆ. ಇದ್ದದ್ದನ್ನು ಅರಿತು ಬಳಸುವದರಿಂದ ಬರುವದು ಒಂದು; ಖರ್ಚನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವದರಿಂದ ಬರುವದು ಇನ್ನೊಂದು. ಸೆರಗಿಗೆ ಮಾತ್ರ ರೇಷ್ಮೆ ಹಾಕಿದ ನೇಕಾರನೂ, ಕವಡೆಯನ್ನು ಆಭರಣ ಮಾಡಿದ ಗೊರವನೂ, ಹರಿದರೂ ಮಾಸದ ಸೀರೆಯನ್ನುಟ್ಟ ಮಹಾಡದ ತಾಯಂದಿರೂ ಮೊದಲನೆಯ ಬಗೆಯನ್ನು ತೋರಿಸಿಕೊಟ್ಟಿರುವರು. ಅದರ ಸಾಕ್ಷಿಗಳು ಇನ್ನೂ ಅನೇಕ ಮನೆಗಳ ಪೆಟ್ಟಿಗೆಗಳಲ್ಲಿ ಖಣ, ಸೀರೆ, ಕೌದಿಗಳ ರೂಪದಿಂದ ಉಳಿದಿರುವವು. ಅವು ಯಾರ ಮದುವೆಗೆ ಬಂದವು, ಏನು ಬೆಲೆ ಬಿದ್ದಿತು, ಯಾರು ನೇಯ್ದರು, ಯಾರು ಹೊಲಿದರು ಎಂಬದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡುವದು ವಿದ್ಯಾವಂತ ಮನೆತನಗಳ ಕೆಲಸವಾಗಿದೆ. ಅರಸನ ವಸ್ತ್ರಗಳ ಲೆಕ್ಕವು ಒಂಬೈನೂರು ವರ್ಷಗಳಿಂದ ಉಳಿದುಬಂದಿದೆ. ಒಕ್ಕಲಗಿತ್ತಿಯ ಸೀರೆಯ ಲೆಕ್ಕವು ಹೇಳುವ ಅಜ್ಜಿಯರೊಡನೆ ಮುಗಿದುಹೋಗಬಾರದು.